ನಿಂತಲ್ಲೇ ಐದು ಸಾವಿರ ಕಿಲೋಮೀಟರ್ ಓಡಿದ ಕಾರು

ರಸ್ತೆ ನಿರ್ವಹಣಾ ಶುಲ್ಕ ಕಚೇರಿಯ ಮುಖ್ಯಾಧಿಕಾರಿಗಳೇ, ಈ ಹೊತ್ತಿನಲ್ಲಿ ನಿದ್ದೆ ಮಾಡುವ ಭಾಗ್ಯವುಳ್ಳ ಮಾನ್ಯರೇ,

ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನನ್ನು ಎಬ್ಬಿಸಿದ್ದು ‘ಪೀಂ, ಪೀಂ, ಪೀಂ’ ಎಂದು ಮೂರೇ ಸಲ ಕೂಗಿ ಸುಮ್ಮನಾದ ಒಂದು ಸದ್ದು. ಐದು ತಿಂಗಳ ಕೂಸಿನ ತಾಯಿಗೆ ಸದ್ದುಗಳ ವಿಷಯದಲ್ಲಿ ಯಾವ ವಿಶ್ವವಿದ್ಯಾಲಯ ಬೇಕಾದರೂ ಕಣ್ಣು ಮುಚ್ಚಿ ಡಾಕ್ಟರೇಟ್ ಕೊಡಬಹುದು. ಮಗುವಿಗೆ ಆಮ್ಲಜನಕ ಕೊಡುವ ಯಂತ್ರ ಕೂಗಿದರೆ ಬಿಡದೆ ಕೂಗುತ್ತದೆ. ಮಗು ಎದ್ದರೆ ಮೊದಲು ಒಂದು ಮುಲುಕು, ಆಮೇಲೆ ಅಳು. ಅತ್ತೆಯವರ ಮೊಬೈಲು ಹೊಡೆದುಕೊಂಡರೆ ಮೂರನೆಯ ಮನೆಯವರೂ ‘ಹಲೋ’ ಅನ್ನುತ್ತಾರೆ. ಇದು ಇವುಗಳಲ್ಲಿ ಯಾವುದೂ ಅಲ್ಲ. ಬರಿಗಾಲಲ್ಲಿ ಓಡಿಹೋಗಿ ನೋಡಿದರೆ, ಕಾರು ನಿಲ್ಲಿಸುವ ಜಾಗದ ಗೋಡೆಗೆ ನಿಮ್ಮ ಕಚೇರಿ ಹಾಕಿಸಿದ ಚಾರ್ಜಿಂಗ್ ಪೆಟ್ಟಿಗೆ ಕೆಂಪು ದೀಪ ಮಿಟುಕಿಸುತ್ತಿತ್ತು. ಅದರ ಅಂಗೈಯಗಲದ ಪರದೆಯ ಮೇಲೆ ಹೀಗಿತ್ತು: “ಸಂಶಯಾಸ್ಪದ ಓಡಾಟ. ಇಂದು ಬೆಳಗ್ಗೆ ಆರಕ್ಕೆ ಈ ಪೆಟ್ಟಿಗೆಗೆ ಬೀಗ. ಶುಭ ಪ್ರಯಾಣ.”

ಎಲ್ಲಿಗೆ ಪ್ರಯಾಣ, ಮಾನ್ಯರೇ? ನಿಮ್ಮ ಲೆಕ್ಕದಲ್ಲಿ ನಮ್ಮ ಪುಟ್ಟ ವಿದ್ಯುತ್ ಕಾರು ಕಳೆದ ಮೂರು ತಿಂಗಳಲ್ಲಿ ಐದು ಸಾವಿರದ ಏಳುನೂರ ನಲವತ್ತು ಕಿಲೋಮೀಟರ್ ಓಡಿದೆ. ಕಾರಿನ ಮೀಟರು ತೋರಿಸುವುದು ನಲವತ್ತಾರು. ಎರಡರಲ್ಲಿ ಸುಳ್ಳು ಯಾವುದೆಂದು ತೀರ್ಮಾನಿಸಲು ನಿಮ್ಮ ಕಚೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಚೇರಿ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಕಾರು ಹೇಳಿರಬೇಕು. ಕಾರಿಗೆ ಬಾಯಿಲ್ಲ, ಆದ್ದರಿಂದ ನಾವು ಹೇಳಿಸಿರಬೇಕು. ಹೀಗೆ ನಾವು ಮೀಟರು ತಿರುಚಿದವರಾದೆವು, ರಸ್ತೆ ಸವೆಸಿ ಶುಲ್ಕ ತಪ್ಪಿಸಿಕೊಂಡವರಾದೆವು. ಈ ಸುದ್ದಿ ತಿಳಿದ ದಿನ ನಮ್ಮ ಅತ್ತೆ ನಿಟ್ಟುಸಿರು ಬಿಟ್ಟು ಹೇಳಿದ್ದಿಷ್ಟೇ: “ಅಷ್ಟು ದೂರ ಸುತ್ತಾಡ್ಕೊಂಡು ಬಂದಿದ್ದೀವಂತಲ್ಲೇ, ಒಂದು ಫೋಟೋನಾದ್ರೂ ತೆಗೆಸ್ಕೋಬಾರ್ದಿತ್ತಾ?”

ನಡೆದದ್ದನ್ನು ಸರಳವಾಗಿ ಹೇಳುತ್ತೇನೆ. ನಮ್ಮ ಪುಟ್ಟಿ ಹತ್ತು ವಾರ ಮೊದಲೇ ಹುಟ್ಟಿದವಳು. ಎರಡು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಮೂರು ತಿಂಗಳ ಹಿಂದೆ ಮನೆಗೆ ಬಂದಳು. ಅವಳ ಶ್ವಾಸಕೋಶ ಇನ್ನೂ ಬಲಿತಿಲ್ಲ. ಮೂಗಿಗೆ ಎಳೆಯಷ್ಟು ಸಣ್ಣ ನಳಿಕೆ, ನಳಿಕೆಯ ಆ ತುದಿಗೆ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರ. ಅದು ಹಗಲೂ ರಾತ್ರಿ ನಡೆಯಬೇಕು. ಮೊದಲ ವಾರ ಅದನ್ನು ಮನೆಯ ಪ್ಲಗ್ಗಿಗೇ ಹಾಕಿದ್ದೆವು. ನಮ್ಮ ಬೀದಿಯ ಕರೆಂಟು ಹೇಗೆಂದರೆ, ಇದೆ ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ದೀಪ ಒಮ್ಮೆ ಕಣ್ಣು ಹೊಡೆದರೆ ಸಾಕು, ಯಂತ್ರ ನಿಂತು ಕಿರುಚುತ್ತಿತ್ತು. ಪುಟ್ಟಿಯ ತುಟಿಯ ಬಣ್ಣ ನೋಡುತ್ತಾ ನಾನು ಏಳು ರಾತ್ರಿ ಕೂತೆ. ನನ್ನವರು ಲಿಫ್ಟ್ ಮೆಕ್ಯಾನಿಕ್. ನಡುವೆ ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ಹೊರಗೆಳೆಯುವುದೇ ಅವರ ಹೊಟ್ಟೆಪಾಡು. ಕರೆಂಟನ್ನು ನಂಬಬಾರದೆಂಬುದೇ ಅವರ ಧರ್ಮ. ಎಂಟನೆಯ ದಿನ ಅವರು ಚಾರ್ಜಿಂಗ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಇದರಲ್ಲಿ ಕರೆಂಟು ಕಾರಿಗೆ ಹೋಗೋದಷ್ಟೇ ಅಲ್ಲ, ಕಾರಿಂದ ವಾಪಸ್ಸೂ ಬರುತ್ತೆ ಕಣೇ. ಕಾರು ಸುಮ್ನೆ ನಿಂತಿರೋ ಬದಲು ಮಗು ಕಾಯ್ಲಿ” ಅಂದರು. ಅಂದಿನಿಂದ, ಕರೆಂಟು ನೆಟ್ಟಗಿರುವ ಹೊತ್ತಿನಲ್ಲಿ ಪೆಟ್ಟಿಗೆ ಕಾರಿಗೆ ತುಂಬುತ್ತದೆ, ಮಿಕ್ಕ ಹೊತ್ತೆಲ್ಲ ಕಾರು ಅದೇ ಪೆಟ್ಟಿಗೆಯ ಮೂಲಕ ಯಂತ್ರವನ್ನು ನಡೆಸುತ್ತದೆ. ಅಂದಿನಿಂದ ಯಂತ್ರ ಒಮ್ಮೆಯೂ ಕಿರುಚಿಲ್ಲ.

ಆದರೆ ನಿಮ್ಮ ಹೊಸ ನಿಯಮ ಒಂದಿದೆಯಲ್ಲ: ಮನೆಯ ಪೆಟ್ಟಿಗೆಯಿಂದ ಕಾರಿಗೆ ಹೋದ ಪ್ರತಿ ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡಾಟ. ಮೂರು ತಿಂಗಳಲ್ಲಿ ಎಂಟುನೂರ ಇಪ್ಪತ್ತು ಯೂನಿಟ್ಟು ಒಳಗೆ ಹೋಗಿದೆ. ಮತ್ತೆ ಹೊರಗೆ ಬಂದದ್ದನ್ನು ನೀವು ಎಣಿಸುವುದಿಲ್ಲ. ನನ್ನ ಮಗಳು ಉಸಿರಾಡಿದ್ದನ್ನೆಲ್ಲ ನೀವು ರಸ್ತೆಯ ಮೇಲೆ ಅಳೆದಿದ್ದೀರಿ, ಮಾನ್ಯರೇ. ಆರು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಒಂದು ಹೊಂಡಕ್ಕೂ ಬೀಳದೆ ಹೋಗಿದ್ದಾಳೆ, ಅಷ್ಟೇ ಸಮಾಧಾನ.

ಈಗ ಆರು ಗಂಟೆಯ ಮಾತು. ಬೀಗ ಬಿದ್ದರೆ ಕರೆಂಟು ಪೆಟ್ಟಿಗೆಯೊಳಗೆ ಹೋಗುವುದೂ ಇಲ್ಲ, ಕಾರಿನಿಂದ ಹೊರಗೆ ಬರುವುದೂ ಇಲ್ಲ. ಯಂತ್ರವನ್ನು ಮತ್ತೆ ಮನೆಯ ಪ್ಲಗ್ಗಿಗೆ ಹಾಕುತ್ತೇವೆ, ಸರಿ. ಆದರೆ ಇವತ್ತೇ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಮ್ಮ ಇಡೀ ಬಡಾವಣೆಗೆ ಕರೆಂಟಿಲ್ಲ. ಕಾರಣ? ರಸ್ತೆ ದುರಸ್ತಿಗಾಗಿ ಕೇಬಲ್ ಸರಿಸುತ್ತಾರಂತೆ. ನಾವು ಓಡಿಸಿ ಹಾಳು ಮಾಡಿದ ರಸ್ತೆಯೇ ಇರಬೇಕು! ಮನೆಯಲ್ಲಿರುವ ಒಂದೇ ಆಮ್ಲಜನಕದ ಸಿಲಿಂಡರಿನ ಮುಳ್ಳು ಕೆಂಪಿಗಿಳಿದಿದೆ. ಮೊನ್ನೆ ಮಗುವಿನ ತಪಾಸಣೆಗೆ ಹೋಗಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಖಾಲಿಯಾಯಿತು, ಇನ್ನು ಮುಕ್ಕಾಲು ಗಂಟೆ ಬಂದರೆ ಹೆಚ್ಚು. ತುಂಬಿಸಿಕೊಡುವವನು ನಾಡಿದ್ದು ಎಂದಿದ್ದಾನೆ. ಪೆಟ್ಟಿಗೆಯ ಪರದೆ ನೋಡಿದವರೇ ನನ್ನವರು ಸ್ಕೂಟರ್ ಹತ್ತಿ ಇನ್ನೊಂದು ಸಿಲಿಂಡರ್ ಹುಡುಕಿಕೊಂಡು ಹೋಗಿದ್ದಾರೆ. ಆಸ್ಪತ್ರೆಗೆ ಹೋಗಬಹುದಲ್ಲ ಎನ್ನುತ್ತೀರಿ. ಫೋನ್ ಮಾಡಿದೆ. ವಾರ್ಡಿನ ತುಂಬ ಕೆಮ್ಮಿನ ಮಕ್ಕಳು, ಹಾಸಿಗೆ ಇಲ್ಲ, ಕಾರಿಡಾರಿನಲ್ಲಿ ಕೂರಿಸುತ್ತೇವೆ ಎಂದರು. “ಈ ಮಗು ಕೆಮ್ಮಿನವರ ಹತ್ತಿರ ಸುಳೀಬಾರ್ದು” ಎಂದು ಕಣ್ಣಿಗೆ ಕಣ್ಣಿಟ್ಟು ಹೇಳಿದ ಡಾಕ್ಟರೂ ಅದೇ ಆಸ್ಪತ್ರೆಯವರು. ಅತ್ತ ದರಿ, ಇತ್ತ ಪುಲಿ. ಪೆಟ್ಟಿಗೆಯ ಮೊಹರು ಒಡೆದು ತಂತಿ ಎಳೆಯುವುದು ನನ್ನವರಿಗೆ ಹತ್ತು ನಿಮಿಷದ ಕೆಲಸ. ಆದರೆ ಮೊಹರು ಒಡೆದರೆ ಜೈಲು ಎಂದು ಅದರ ಮೇಲೇ ಬರೆದಿದೆ. ಮೀಟರು ತಿರುಚಿದವರೆಂಬ ಬಿರುದು ಬೇರೆ ಆಗಲೇ ನಮ್ಮ ಮುಡಿಯಲ್ಲಿದೆ.

ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೆಂದರೆ, ನಿಮ್ಮ ಕಚೇರಿಯಲ್ಲಿ ಈ ಹೊತ್ತಿಗೆ ತೆರೆದಿರುವ ಬಾಗಿಲು ಇದೊಂದೇ. “ವಿದ್ಯುತ್ ವಾಹನಗಳಿಗೆ ನ್ಯಾಯಯುತ ರಸ್ತೆ ಶುಲ್ಕ: ಸಾರ್ವಜನಿಕರ ಸಲಹೆಗೆ ಸ್ವಾಗತ” ಎಂಬ ನಿಮ್ಮ ಅಂತರ್ಜಾಲ ಪುಟದಲ್ಲಿ, ಯಾರು ಬರೆದರೂ ತಕ್ಷಣ ಎಲ್ಲರಿಗೂ ಕಾಣುತ್ತದೆ ಎಂದು ನೀವೇ ಹೆಮ್ಮೆಯಿಂದ ಹಾಕಿಕೊಂಡಿದ್ದೀರಿ. ಸಲಹೆ ಕೊಡುತ್ತೇನೆ, ಹೆದರಬೇಡಿ. ಅದಕ್ಕೂ ಮೊದಲು, ಹಗಲು ಹೊತ್ತಿನಲ್ಲಿ ತೆರೆದಿದ್ದ ನಿಮ್ಮ ಬೇರೆ ಬಾಗಿಲುಗಳ ಕಥೆ ಕೇಳಿ.

ಮೊದಲ ನೋಟಿಸ್ ಬಂದಾಗ ನಾನೇ ನಿಮ್ಮ ಕಚೇರಿಗೆ ಬಂದಿದ್ದೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಎರಡು ಫೀಡಿಂಗ್ ನಡುವಿನ ಮೂರು ಗಂಟೆಯಲ್ಲಿ, ಬಸ್ಸಿನಲ್ಲಿ. (ಐದು ಸಾವಿರ ಕಿಲೋಮೀಟರ್ ಓಡುವ ಕಾರಿದ್ದೂ ಬಸ್ಸಿನಲ್ಲಿ! ಇದೂ ನನ್ನ ಕುತಂತ್ರವೆಂದು ಬರೆದುಕೊಳ್ಳಿ.) ನಾಲ್ಕನೆಯ ಕೌಂಟರಿನಲ್ಲಿ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಗುಮಾಸ್ತರು. ನನ್ನ ಕಾಗದ ಓದಿ, “ಅಮ್ಮಾ, ಯೂನಿಟ್ಟು ಸುಳ್ಳು ಹೇಳಲ್ಲ” ಎಂದರು.

“ಸುಳ್ಳು ಅಂತ ನಾನೂ ಹೇಳ್ತಿಲ್ಲ ಸಾರ್. ಕರೆಂಟು ತಗೊಂಡಿದ್ದು ನಿಜ. ಕಾರು ಓಡಿಲ್ಲ.”

“ಓಡದೇ ಇರೋ ಕಾರು ಇಷ್ಟೊಂದು ಕರೆಂಟು ಕುಡಿಯುತ್ತಾ?”

“ಕಾರು ಕುಡೀಲಿಲ್ಲ ಸಾರ್. ಮಗುವಿನ ಮಷಿನ್ ಕುಡೀತು.”

“ಮಷಿನ್ ಎಲ್ಲಿದೆ?”

“ಮನೇಲಿ.”

“ಕರೆಂಟು ಎಲ್ಲಿಂದ?”

“ಕಾರಿಂದ.”

ಅವರು ಕನ್ನಡಕ ಇಳಿಸಿ ನನ್ನನ್ನು ದಿಟ್ಟಿಸಿದರು. “ನೋಡಮ್ಮ, ನನಗೂ ಮೊಮ್ಮಕ್ಕಳಿದ್ದಾರೆ. ನಿದ್ದೆಗೆಟ್ರೆ ಹೀಗೆಲ್ಲ ಆಗುತ್ತೆ. ಮನೇಗೆ ಹೋಗಿ ಮಲಕ್ಕೋ” ಎಂದರು. ಮೂರು ತಿಂಗಳಲ್ಲಿ ಮಲಗು ಎಂದು ನನಗೆ ಹೇಳಿದ ಏಕೈಕ ಸರ್ಕಾರಿ ನೌಕರರು ಅವರು. ಆ ಋಣ ಮರೆಯಲಾರೆ.

ಹಾಗಾದರೆ ಹಣ ಕಟ್ಟಿಬಿಡಿ, ಆಮೇಲೆ ಜಗಳ ಆಡಿ, ಎನ್ನುತ್ತೀರಾ? ಅದನ್ನೂ ಕೇಳಿದೆ. ಮೀಟರು ತಿರುಚಿದ ಪ್ರಕರಣದಲ್ಲಿ ಹಣ ಕಟ್ಟಿಸಿಕೊಳ್ಳುವಂತಿಲ್ಲವಂತೆ, ಮೊದಲು ವಿಚಾರಣೆ ಆಗಬೇಕಂತೆ. ವಿಚಾರಣೆ ಮುಂದಿನ ತಿಂಗಳು ಹದಿನೇಳಕ್ಕೆ. ಬೀಗ ಮಾತ್ರ ವಿಚಾರಣೆಗೆ ಕಾಯುವುದಿಲ್ಲ.

ಆಮೇಲೆ ಪರಿಶೀಲಕರು ಮನೆಗೆ ಬಂದರು. ಒಳ್ಳೆಯವರು, ಗೇಟಿನ ಹೊರಗೇ ಚಪ್ಪಲಿ ಬಿಟ್ಟು ಬಂದರು. ಕಾರಿನ ಮೇಲೆ ಬೆರಳಲ್ಲಿ ಎಳೆದರೆ ಗೆರೆ ಮೂಡುವಷ್ಟು ಧೂಳು. ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಬೆಕ್ಕು ಎಂದಿನಂತೆ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹಿಂದಿನ ಚಕ್ರಕ್ಕೂ ಗೋಡೆಗೂ ನಡುವೆ ಜೇಡ ಬಲೆ ಕಟ್ಟಿತ್ತು. ಪರಿಶೀಲಕರು ಬಗ್ಗಿದಾಗ ಅದು ಅವರ ತೋಳಿಗೆ ಅಂಟಿತು. ಅವರು ಮೀಟರು ನೋಡಿದರು. “ಇಷ್ಟು ಕಡಿಮೆ ಇರೋದೇ ಅನುಮಾನ.” ಟೈರು ಮುಟ್ಟಿ ನೋಡಿದರು. “ಸವೆದೇ ಇಲ್ಲ. ಹೊಸದು ಹಾಕ್ಸಿದ್ದೀರಾ?” ಧೂಳು ನೋಡಿದರು. “ಬಹಳ ದೂರ ಹೋದ ಗಾಡಿಗೇ ಇಂಥ ಧೂಳು ಕೂರೋದು.”

ಬಾಗಿಲಲ್ಲಿ ನಿಂತಿದ್ದ ಅತ್ತೆ ತಡೆಯಲಾರದೆ ಕೇಳಿದರು: “ಬೆಕ್ಕನ್ನೂ ಹೊಸದಾಗಿ ಹಾಕ್ಸಿದ್ದೀವಿ ಅಂತ ಬರ್ಕೊಳ್ಳಿ ಸ್ವಾಮಿ. ಎಷ್ಟು ಸಾವಿರ ಕಿಲೋಮೀಟರ್ ಓಡಿದೆಯೋ ಪಾಪ, ಸುಸ್ತಾಗಿ ಮಲಗಿದೆ.”

ನಾನು ಪರಿಶೀಲಕರನ್ನು ಒಳಗೆ ಕರೆದು ಯಂತ್ರ ತೋರಿಸಿದೆ. ಕೋಣೆಯ ಮೂಲೆಯಲ್ಲಿ ಅದು ಗುರ್ರೆನ್ನುತ್ತಿತ್ತು. ಕಿಟಕಿಯ ಸಂದಿನಿಂದ ಬಂದ ತಂತಿಯನ್ನು ಅವರು ಕಣ್ಣಲ್ಲೇ ಹಿಂಬಾಲಿಸಿಕೊಂಡು ಹೋದರು: ಯಂತ್ರ, ಕಿಟಕಿ, ಪೆಟ್ಟಿಗೆ, ಕಾರು. ಆಮೇಲೆ ತೊಟ್ಟಿಲಿಗೆ ಬಗ್ಗಿ ನೋಡಿ, ದನಿ ತಗ್ಗಿಸಿ, “ಎಷ್ಟು ತೂಕ ಈಗ?” ಎಂದರು. ಮೂರು ಕಿಲೋ ಎಂಟುನೂರು ಎಂದೆ. “ಬರೀತೀನಮ್ಮ, ಇದ್ದದ್ದು ಇದ್ದ ಹಾಗೇ ಬರೀತೀನಿ” ಎಂದು ಮಾತು ಕೊಟ್ಟರು. ಬರೆದರು ಕೂಡ. ಅವರ ಮೇಲೆ ನನ್ನ ದೂರಿಲ್ಲ.

ಅವರು ಬರೆದದ್ದನ್ನು ನಿಮ್ಮ ಕಚೇರಿ ಹೇಗೆ ಓದಿತೆಂಬುದು ಎರಡನೆಯ ನೋಟಿಸಿನಲ್ಲಿ ತಿಳಿಯಿತು. “ಸದರಿ ವಾಹನಕ್ಕೆ ರೋಗಿಯ ಉಸಿರಾಟದ ಉಪಕರಣ ಜೋಡಿಸಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುವುದರಿಂದ, ಸದರಿ ವಾಹನವನ್ನು ಪರವಾನಗಿಯಿಲ್ಲದೆ ಆಂಬುಲೆನ್ಸ್ ಆಗಿ ಓಡಿಸಲಾಗುತ್ತಿದೆ ಎಂದು ಪರಿಗಣಿಸಲಾಗಿದೆ.” ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಓದಿದ್ದೆ. ಈದ ಎತ್ತಿನ ಹಾಲಿಗೆ ಶುಲ್ಕ ಹಾಕಿದ್ದನ್ನು ನಿಮ್ಮಲ್ಲೇ ಕಂಡದ್ದು. ಅದೇ ನೋಟಿಸಿನಲ್ಲಿ ಕಳೆದ ಮೂರು ತಿಂಗಳು ಸಾಗಿಸಿದ ರೋಗಿಗಳ ಪಟ್ಟಿಯನ್ನೂ ಕೇಳಿದ್ದೀರಿ. ಪಟ್ಟಿ ಇಲ್ಲಿದೆ: ಒಬ್ಬಳು. ತೊಟ್ಟಿಲಿನಿಂದ ಮಡಿಲಿಗೆ, ಮಡಿಲಿನಿಂದ ತೊಟ್ಟಿಲಿಗೆ.

ಕ್ಷಮಿಸಿ, ನಡುವೆ ಎದ್ದು ಹಾಲು ಕುಡಿಸಿ ಬಂದೆ. ಎಲ್ಲಿದ್ದೆ?

ಹೌದು, ತಪ್ಪೊಪ್ಪಿಗೆ. ಮಾನ್ಯರೇ, ಇಷ್ಟು ಹೊತ್ತು ನಿಮ್ಮನ್ನು ಆಡಿಕೊಂಡೆನಲ್ಲ, ಈಗ ನನ್ನ ಸರದಿ. ಯೂನಿಟ್ಟಿಗೆ ಏಳು ಕಿಲೋಮೀಟರ್ ಎಂಬ ಈ ಮಹಾ ಉಪಾಯ ಯಾರ ತಲೆಯಲ್ಲಿ ಹುಟ್ಟಿತೋ ನಿಮಗೆ ನೆನಪಿರಲಿಕ್ಕಿಲ್ಲ. ಇದೇ ಪುಟದಲ್ಲಿ ಹಿಂದಕ್ಕೆ ಹೋಗಿ ನೋಡಿ, ಕಳೆದ ವರ್ಷದ ಇನ್ನೂರ ಹದಿನಾಲ್ಕನೆಯ ಸಲಹೆ. ಬರೆದವಳು ನಾನೇ. ಆಗ ಪುಟ್ಟಿ ಹೊಟ್ಟೆಯಲ್ಲಿ ಎರಡು ತಿಂಗಳು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ., ಕಾಲೇಜಿನ ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದೆ, ರಾತ್ರಿ ಎಂಟು ಗಂಟೆ ನಿದ್ದೆ ಮಾಡುತ್ತಿದ್ದೆ. ಎಂಟು ಗಂಟೆ ನಿದ್ದೆ ಮಾಡುವವರಿಗೆ ಲೋಕವೆಲ್ಲ ಒಂದು ಸಮೀಕರಣದಂತೆ ಕಾಣುತ್ತದೆ. ಕಾರುಗಳಿಗೆ ಉಪಗ್ರಹದ ಕಣ್ಣು ಹಾಕಿ ಜನರನ್ನು ಹಿಂಬಾಲಿಸಬೇಡಿ, ಅದು ಮರ್ಯಾದೆಯಲ್ಲ. ಮನೆಯ ಪೆಟ್ಟಿಗೆಯ ಯೂನಿಟ್ಟು ಎಣಿಸಿ, ಕಿಲೋಮೀಟರ್ ತಾನಾಗಿ ತಿಳಿಯುತ್ತದೆ, ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ ಎಂದು ಎರಡು ಪುಟ ಬರೆದು, ಕೆಳಗೆ ಒಂದು ಕೋಷ್ಟಕವನ್ನೂ ಹಾಕಿದ್ದೆ. ನಿಮ್ಮ ಕಚೇರಿಯಿಂದ “ಉಪಯುಕ್ತ ಸಲಹೆಗೆ ಧನ್ಯವಾದ” ಎಂಬ ಉತ್ತರ ಬಂದಿತ್ತು. ಅದನ್ನು ಅತ್ತೆಗೆ ಓದಿ ಹೇಳಿ ಬೀಗಿದ್ದೆ. ಜನರ ಸಲಹೆಯನ್ನು ಕಚೇರಿಗಳು ಓದುವುದೇ ಇಲ್ಲ ಎಂದು ಜನ ದೂರುತ್ತಾರೆ. ನನ್ನದನ್ನು ನೀವು ಓದಿದಿರಿ. ನನ್ನ ಹಣೆಬರಹ!

ಆದ್ದರಿಂದ ಈ ಸಲ ನಿದ್ದೆಯಿಲ್ಲದೆ ಸಲಹೆ ಕೊಡುತ್ತಿದ್ದೇನೆ. ಇದು ಆ ಸಲದ್ದಕ್ಕಿಂತ ವಾಸಿ ಇರಬಹುದು.

ಮೊದಲ ಮಾತು: ನಾವು ಕಟ್ಟಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಪೆಟ್ರೋಲು ಹಾಕಿಸುವವನು ಪ್ರತಿ ಲೀಟರಿನಲ್ಲೂ ರಸ್ತೆಗೆಂದು ಒಂದಷ್ಟು ಕೊಟ್ಟೇ ಬರುತ್ತಾನೆ. ಹೆಚ್ಚು ಓಡಿಸಿದವನು ಹೆಚ್ಚು ಕೊಡುತ್ತಾನೆ, ಯಾರೂ ಅವನ ಮನೆಗೆ ಬಂದು ಬೆಕ್ಕು ನೋಡುವುದಿಲ್ಲ. ನಾವು ಪೆಟ್ರೋಲು ಬಿಟ್ಟೆವು, ಹೊಗೆ ಬಿಟ್ಟೆವು, ಜೊತೆಗೆ ರಸ್ತೆಯ ಪಾಲು ಕೊಡುವುದನ್ನೂ ಬಿಟ್ಟೆವು. ಹೊಗೆ ಉಗುಳದವನ ಚಕ್ರವೂ ನೆಲದ ಮೇಲೇ ಉರುಳುತ್ತದೆ. ಬ್ಯಾಟರಿಯ ಭಾರ ಬೇರೆ. ಹಾಗಿರುವಾಗ ಪಕ್ಕದವನ ಪೆಟ್ರೋಲಿನ ಕಾಸಲ್ಲಿ ಹಾಕಿದ ಡಾಂಬರಿನ ಮೇಲೆ ನಾನು ಪುಕ್ಕಟೆ ಸವಾರಿ ಮಾಡುವುದು ಯಾವ ನ್ಯಾಯ?

ಆದರೆ ಎಲ್ಲರಿಗೂ ವರ್ಷಕ್ಕೆ ಇಷ್ಟು ಎಂದು ಒಂದೇ ಅಳತೆಯ ಅಂಗಿ ಹೊಲಿಸಬೇಡಿ. ವಾರಕ್ಕೊಮ್ಮೆ ಔಷಧಿ ಅಂಗಡಿಗೆ ಹೋಗಿ ಬರುವ ನಿವೃತ್ತ ಮೇಷ್ಟರೂ, ಹಗಲೂ ರಾತ್ರಿ ಬಾಡಿಗೆ ಓಡಿಸುವವನೂ ಒಂದೇ ಕಟ್ಟಿದರೆ, ಮೇಷ್ಟರು ಬಾಡಿಗೆಯವನಿಗೆ ರಸ್ತೆ ಹಾಕಿಸಿಕೊಟ್ಟ ಹಾಗಾಯಿತು.

ಇನ್ನು ಭಾರ. ನಮ್ಮ ಎದುರುಮನೆಯವರು ಮೂವತ್ತು ವರ್ಷ ರಸ್ತೆಗೆ ರೋಲರ್ ಓಡಿಸಿದವರು. ಇಡೀ ಬೀದಿಗೆ ಅವರು ರೋಲರ್ ಮಾಮ. ನಮ್ಮ ನೋಟಿಸ್ ಓದಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡಮ್ಮ, ಕಾರು ರಸ್ತೆ ಮೇಲೆ ನಡ್ಕೊಂಡು ಹೋಗುತ್ತೆ. ಲಾರಿ ತುಳ್ಕೊಂಡು ಹೋಗುತ್ತೆ. ಆಮೇಲೆ ಬಿರುಕಲ್ಲಿ ನೀರು ಇಳಿಯುತ್ತಲ್ಲ, ಅದು ತಿಂದ್ಕೊಂಡು ಹೋಗುತ್ತೆ. ನಿಮ್ಮ ಸಾಹೇಬ್ರು ನೀರಿಗೆ ಎಷ್ಟು ಹಾಕಿದ್ದಾರಂತೆ, ಕೇಳು.” ಮಾಮ ಹೇಳಿದ್ದನ್ನೇ ರಸ್ತೆ ಕಟ್ಟುವ ಎಂಜಿನಿಯರುಗಳು ಅಂಕಿಯಲ್ಲಿ ಹೇಳುತ್ತಾರೆ. ಚಕ್ರದ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಭಾರ ಹತ್ತು ಪಟ್ಟಾದರೆ ಪೆಟ್ಟು ಹತ್ತು ಸಾವಿರ ಪಟ್ಟು. ಜಲ್ಲಿ ತುಂಬಿದ ಲಾರಿಯೊಂದು ನಮ್ಮ ಬೀದಿಯಲ್ಲಿ ಒಮ್ಮೆ ಹಾದುಹೋದರೆ ಆಗುವ ಸವೆತವನ್ನು ನಾನು ಸರಿಗಟ್ಟಬೇಕಾದರೆ, ಪುಟ್ಟಿಯ ಮದುವೆಯವರೆಗೂ ಬೀದಿಯ ಆ ತುದಿಯಿಂದ ಈ ತುದಿಗೆ ಕಾರು ಓಡಿಸುತ್ತಿರಬೇಕು. ಲಾರಿಯವನೇನೂ ಪಾಪಿಯಲ್ಲ, ನಮ್ಮ ಮನೆಗಳ ಜಲ್ಲಿಯನ್ನೇ ಹೊತ್ತು ತರುತ್ತಾನೆ. ಆದರೆ ಹೊರಿಸಿದವರು ಆ ಪಾಲು ಕೊಡಲಿ. ಆನೆಯ ಭಾರಕ್ಕೆ ಇರುವೆಯ ಬೆನ್ನು ಹುಡುಕಬೇಡಿ.

ಹಾಗಾದರೆ ಹೇಗೆ ಎಣಿಸುವುದು? ಪ್ರತಿ ವಾಹನವೂ ವರ್ಷಕ್ಕೊಮ್ಮೆ ತಪಾಸಣೆಗೆ ಬಂದೇ ಬರುತ್ತದೆ. ಬ್ರೇಕು, ದೀಪ ನೋಡುವ ಮನುಷ್ಯನೇ ಮೀಟರನ್ನೂ ನೋಡಿ ಬರೆದುಕೊಳ್ಳಲಿ. ಓಡಿದ ದೂರವನ್ನು ವಾಹನದ ಭಾರದಿಂದ ಗುಣಿಸಿ ಶುಲ್ಕ ಹಾಕಿ, ಬೇಕಾದರೆ ಹನ್ನೆರಡು ಕಂತು ಮಾಡಿ. ಮೀಟರು ತಿರುಚುವವರು ಇರುವುದಿಲ್ಲವೇ? ಇರುತ್ತಾರೆ. ಟೈರು ನೋಡಿ, ಹಳೆಯ ತಪಾಸಣೆಯ ಅಂಕಿ ನೋಡಿ, ಅನುಮಾನ ಬಂದರೆ ಕರೆದು ಕೇಳಿ. ಕಳ್ಳರನ್ನು ಹಿಡಿಯುವ ಆತುರದಲ್ಲಿ ಎಲ್ಲರ ಮನೆಗೂ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುವುದು ಯಾವ ಸೀಮೆಯ ಕಾವಲು? ಮನೆಯ ಯೂನಿಟ್ಟನ್ನು ಮಾತ್ರ ಎಣಿಸಬೇಡಿ. ಅದು ನನ್ನ ತಪ್ಪು, ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮನೆಯೊಳಗೆ ಹೋದ ಕರೆಂಟು ಅಲ್ಲಿ ಏನೇನಾಗುತ್ತದೆಂದು ಕಚೇರಿಯಲ್ಲಿ ಕೂತು ಯಾರಿಗೂ ತಿಳಿಯುವುದಿಲ್ಲ, ಎಂ.ಎಸ್‌ಸಿ. ಮಾಡಿದವರಿಗೂ. ಅಂದು ಉಪಗ್ರಹದ ಕಣ್ಣು ಬೇಡವೆಂದು ಹಟ ಹಿಡಿದವಳು ಇವತ್ತು ಬಾಯಿಬಿಟ್ಟು ಹೇಳುತ್ತೇನೆ: ದಯವಿಟ್ಟು ನಮ್ಮನ್ನು ಹಿಂಬಾಲಿಸಿ. ಯಾವ ಉಪಗ್ರಹವಾದರೂ ಸರಿ, ಒಮ್ಮೆ ಬಗ್ಗಿ ನಮ್ಮ ಕಾ‍ರನ್ನು ನೋಡಲಿ. ಒಂದು ಹೊತ್ತು ನೋಡಿದರೆ ಬೇಸರಗೊಂಡು ಕಣ್ಣು ಮುಚ್ಚೀತು.

ಎಲ್ಲಕ್ಕಿಂತ ಮುಖ್ಯವಾದದ್ದು: ಶುಲ್ಕ ಬಾಕಿ ಇದ್ದರೆ ನೋಟಿಸ್ ಕೊಡಿ, ದಂಡ ಹಾಕಿ, ಕೋರ್ಟಿಗೆ ಎಳೆಯಿರಿ. ಬಾಗಿಲು ತಟ್ಟಿ ಒಳಗೆ ಯಾರಿದ್ದಾರೆಂದು ನೋಡದೆ, ಎಲ್ಲೋ ಕೂತು ಬೀಗ ಹಾಕಬೇಡಿ. ರಸ್ತೆಯ ಹೊಂಡ ತಿಂಗಳುಗಟ್ಟಲೆ ಕಾಯುತ್ತದೆ, ಅದನ್ನು ಕಾಯಿಸಿ ನಿಮಗೆ ಅಭ್ಯಾಸವಿದೆ. ಉಸಿರು ಕಾಯುವುದಿಲ್ಲ.

ಮೂರೂವರೆಗೆ ನಿಮ್ಮ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದೆ. ರಾತ್ರಿ ಪಾಳಿಯ ಹೆಂಗಸೊಬ್ಬರು ಎತ್ತಿದರು. ಮೊದಲು ಗಿಳಿಪಾಠ: “ನಿಮ್ಮ ಕರೆ ನಮಗೆ ಮುಖ್ಯ, ಕಚೇರಿ ಸಮಯದಲ್ಲಿ ಸಂಪರ್ಕಿಸಿ.” ನಾನು ಎಲ್ಲ ಹೇಳಿದೆ. ಹೇಳುವಾಗ ಹಿಂದೆ ಯಂತ್ರದ ಸದ್ದು ಅವರಿಗೆ ಕೇಳಿಸಿರಬೇಕು.

“ಅಕ್ಕಾ, ಆ ಗುರ್ ಅಂತಿರೋದು ಅದೇನಾ?”

“ಅದೇ.”

ಅತ್ತ ಕೀಲಿಮಣೆ ಟಕಟಕ ಎಂದಿತು. ಆಮೇಲೆ: “ಪಟ್ಟೀಲಿ ನಿಮ್ಮ ಪೆಟ್ಟಿಗೆ ನಂಬರ್ ಕಾಣ್ತಿದೆ. ಇಲ್ಲಿಂದ್ಲೇ ಒಂದು ಗುಂಡಿ ಒತ್ತಿದ್ರೆ ತಡೀಬಹುದು. ಆದ್ರೆ ಸಾಹೇಬ್ರ ಬಾಯಿಂದ ಮಾತು ಬರ್ದೆ ಒತ್ತಿದ್ರೆ ನಾಳೆ ನನ್ನ ಕೆಲಸ ಇರಲ್ಲ. ನನಗೂ ಎರಡಿವೆ ಅಕ್ಕಾ ಮನೇಲಿ.”

“ಸಾಹೇಬ್ರ ನಂಬರ್ ಕೊಡಿ, ನಾನೇ ಕೇಳ್ತೀನಿ. ಕಾಲಿಗೆ ಬೀಳ್ತೀನಿ.”

“ಕೊಡೋ ಹಾಗಿಲ್ಲ. ನಾನೇ ಎರಡು ಸಲ ಮಾಡ್ದೆ, ನೀವು ಲೈನಲ್ಲಿರೋವಾಗ್ಲೇ. ರಿಂಗಾಗ್ತಿದೆ, ಎತ್ತುತ್ತಾ ಇಲ್ಲ. ಐದೂ ಐವತ್ತೆಂಟರವರೆಗೂ ಗುಂಡಿ ಹತ್ರಾನೇ ಕೂತಿರ್ತೀನಿ. ಅವ್ರು ಒಂದು ಮಾತು ಹೇಳ್ಲಿ, ಸಾಕು.”

ನೋಡಿ ಮಾನ್ಯರೇ, ನಿಮ್ಮ ಕಚೇರಿಯಲ್ಲಿ ಮನುಷ್ಯರಿಗೇನೂ ಕೊರತೆಯಿಲ್ಲ. ಮಲಗು ಎಂದ ಗುಮಾಸ್ತರು, ತೂಕ ಕೇಳಿದ ಪರಿಶೀಲಕರು, ಗುಂಡಿಯ ಪಕ್ಕ ಕೂತಿರುವ ಈ ಹೆಂಗಸು. ಎಲ್ಲರೂ ಸೇರಿ ಕಚೇರಿಯಾದಾಗ ಮಾತ್ರ ಅದು ಹೇಗೆ ಇಷ್ಟು ಕಿವುಡಾಗುತ್ತದೋ, ಅದಕ್ಕೆ ನನ್ನ ಬಳಿ ಸಮೀಕರಣವಿಲ್ಲ.

ನನ್ನ ಬೇಡಿಕೆ ಇಷ್ಟು. ಶುಲ್ಕ ಮನ್ನಾ ಮಾಡಿ ಎನ್ನುವುದಿಲ್ಲ. ನಲವತ್ತಾರು ಕಿಲೋಮೀಟರಿಗೆ ಎಷ್ಟಾಗುತ್ತದೋ ಅಷ್ಟನ್ನು, ಬ್ಯಾಟರಿಯ ಭಾರವನ್ನೂ ಸೇರಿಸಿ, ಇವತ್ತೇ ಕಟ್ಟುತ್ತೇನೆ. ಹದಿನೇಳಕ್ಕೆ ವಿಚಾರಣೆಗೂ ಬರುತ್ತೇನೆ, ಜಗಳ ಅಲ್ಲಿ ಆಡೋಣ. ಅಲ್ಲಿಯವರೆಗೆ ಬೀಗ ಬೇಡ.

ಈಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನನ್ನವರು ಈಗಷ್ಟೇ ಫೋನ್ ಮಾಡಿದ್ದರು. ಮೂರು ಅಂಗಡಿಯ ಬಾಗಿಲು ಬಡಿದಾಯಿತಂತೆ, ನಾಲ್ಕನೆಯದಕ್ಕೆ ಹೋಗುತ್ತಿದ್ದಾರೆ. “ಮಗು ಹೇಗಿದೆ?” ಎಂದರು. ಮಲಗಿದ್ದಾಳೆ ಎಂದೆ. “ನೀನು?” ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

ಇಂತಿ,
ನಿಮ್ಮ ಪಟ್ಟಿಯಲ್ಲಿ ಆಂಬುಲೆನ್ಸ್ ಮಾಲೀಕಳೂ ಮೀಟರ್ ಕಳ್ಳಿಯೂ ಆಗಿರುವ,
ಮನೆಯಲ್ಲಿ ಬರೀ ಅಮ್ಮನಾಗಿರುವವಳು

ಸಾಹೇಬರು ಇದನ್ನು ಎದ್ದ ಮೇಲೆ ಓದುತ್ತಾರೆ, ಅಷ್ಟರಲ್ಲಿ ಆರು ದಾಟಿರುತ್ತದೆ ಎಂದು ಬರೆದು ಮುಗಿಸಿದ ಮೇಲೆ ಹೊಳೆಯಿತು. ಆದ್ದರಿಂದ ಈ ಸಾಲುಗಳು ಅವರಿಗಲ್ಲ, ಈಗ ಎಚ್ಚರವಿದ್ದು ಈ ಪುಟ ನೋಡುತ್ತಿರುವ ನಿಮಗೆ, ನೀವು ಯಾರೇ ಆಗಿರಿ. ಅವರ ಕಾರಿನ ಡ್ರೈವರ್ ಆಗಿರಬಹುದು, ಅವರ ಮನೆಗೆ ಹಾಲು ಹಾಕುವವರಾಗಿರಬಹುದು, ಅವರ ತಂಗಿಯ ಗೆಳತಿಯಾಗಿರಬಹುದು. ಅವರ ನಂಬರು ಗೊತ್ತಿದ್ದರೆ ಫೋನ್ ಮಾಡಿ ಎಬ್ಬಿಸಿ. ಬೈದರೆ ನನ್ನ ಹೆಸರಿಗೆ ಬೈಯಲಿ. ನಿಯಂತ್ರಣ ಕೊಠಡಿಗೆ ಒಂದು ಮಾತು ಹೇಳಲಿ, ಅಷ್ಟೇ. ನಂಬರು ಗೊತ್ತಿಲ್ಲದಿದ್ದರೆ ಗೊತ್ತಿರುವವರಿಗೆ ಫೋನ್ ಮಾಡಿ. ಆರು ಗಂಟೆಗೆ ಮೊದಲು. ದಮ್ಮಯ್ಯ, ಬೆಳಗಾಗುವ ಮೊದಲು ಯಾರಾದರೂ ಒಬ್ಬರು ಫೋನ್ ಮಾಡಿ.